ಕಾಣದ ಕರಡಿ: ಮೌಖಿಕ ಸಮಾಜದ ತರ್ಕ

ಅಕ್ಷರಜ್ಞಾನವು ಚಿಂತನೆಯನ್ನು ಹೇಗೆ ಬದಲಿಸುತ್ತದೆಂದು ಅರಿಯಲು ಸೋವಿಯತ್ ಮನೋವಿಜ್ಞಾನಿ ಅಲೆಕ್ಸಾಂಡರ್ ಲೂರಿಯಾ 1931-32ರಲ್ಲಿ ಉಜ್ಬೇಕಿಸ್ತಾನದ ಹಳ್ಳಿಗಳಲ್ಲಿ ಕ್ಷೇತ್ರಕಾರ್ಯ ನಡೆಸಿದರು. ಅದರ ಸಮಗ್ರ ವರದಿ ಗ್ರಂಥರೂಪ ಪಡೆದದ್ದು 1974ರಲ್ಲಿ. ಹಿಮ ಕವಿದ ಉತ್ತರದಲ್ಲಿ ಕರಡಿಗಳೆಲ್ಲ ಬಿಳಿ. ನೊವಾಯಾ ಜೆಮ್ಲ್ಯಾ ಇರುವುದು ಆ ಉತ್ತರದಲ್ಲೇ. ಅಲ್ಲಿಯ ಕರಡಿಗಳ ಬಣ್ಣವೇನು? ಇದು ಅವರ ಪ್ರಶ್ನೆಗಳಲ್ಲೊಂದು. ಅನಕ್ಷರಸ್ಥ ರೈತನೊಬ್ಬನ ಉತ್ತರದ ಸಾರವಿಷ್ಟು: ವೃದ್ಧನೊಬ್ಬ ಕಂಡು ಬಂದು ಹೇಳಿದರೆ ನಂಬಬಹುದು, ತಾನು ಕಂಡಿಲ್ಲ, ಆದ್ದರಿಂದ ಹೇಳಲಾರೆ. ಲೂರಿಯಾ ಇದನ್ನು ಅನುಭವದ ಎಲ್ಲೆ ಮೀರದ ಚಿಂತನೆಯೆಂದು ವ್ಯಾಖ್ಯಾನಿಸಿದರು. ಆದರೆ ಆ ‘ಆದ್ದರಿಂದ’ ಎಂಬುದೇ ಅನುಮಾನವಾಕ್ಯ. ಪ್ರತ್ಯಕ್ಷ ಮತ್ತು ಆಪ್ತವಾಕ್ಯಗಳೇ ಇಲ್ಲಿ ಪ್ರಮಾಣ. ಅಪರಿಚಿತನ ಮಾತು ಪ್ರಮಾಣವಲ್ಲ. ಸಾಮೂಹಿಕ ಕೃಷಿಯನ್ನು ಹೇರುತ್ತಿದ್ದ ಆ ವರ್ಷಗಳಲ್ಲಿ ಈ ಎಚ್ಚರ ಅಸಹಜವೂ ಅಲ್ಲ. ಅಲ್ಪಾವಧಿ ಶಿಕ್ಷಣ ಪಡೆದವರು ಸುಲಭವಾಗಿ ಉತ್ತರಿಸಿದ್ದನ್ನು, ಪ್ರಶ್ನಿಸುವವನ ಮಾತನ್ನೇ ಪ್ರಮಾಣವಾಗಿ ಸ್ವೀಕರಿಸುವ ಶಾಲಾಕ್ರಮದ ಪರಿಣಾಮವೆಂದು ತಿಳಿಯುವುದು ಹೆಚ್ಚು ಯುಕ್ತ.