ಸರಕಿನ ಜೊತೆ ಬಂದ ಹುಳುಗಳು

ಬ್ಯಾರಿ ಎಂಬ ಹೆಸರು ತುಳುವಿನ ‘ಬ್ಯಾರ’ದಿಂದ, ಅಂದರೆ ವ್ಯಾಪಾರದಿಂದ ಬಂತು ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ಅಕ್ಕಿ, ತೆಂಗು, ಅಡಿಕೆ, ಹುರಿಹಗ್ಗ ಎಲ್ಲಿಂದ ಎಲ್ಲಿಗೆ ಹೋಯಿತು ಎಂಬುದು ನಮ್ಮ ಚರಿತ್ರೆಯ ದೊಡ್ಡ ಭಾಗ. ಆದರೆ ಸರಕಿನ ಜೊತೆ ಲೆಕ್ಕಪುಸ್ತಕದಲ್ಲಿ ಬರೆಯದ ಜೀವಿಗಳೂ ಪ್ರಯಾಣ ಮಾಡುತ್ತವೆ. ಅವು ಮುಂದೆ ಎಲ್ಲಿಗೆ ಹೋಗುತ್ತವೆ ಎಂದು ಮೊದಲೇ ಹೇಳಬಹುದೇ?

ಆಫ್ರಿಕಾದ ದೈತ್ಯ ಬಸವನಹುಳುವಿನ ಕಥೆ ನೋಡಿ. ಪೂರ್ವ ಆಫ್ರಿಕಾದ ಈ ಹುಳು ಹೇಗೋ ಮಾರಿಷಸ್ ಸೇರಿತ್ತು. 1847ರಲ್ಲಿ ಡಬ್ಲ್ಯು. ಎಚ್. ಬೆನ್ಸನ್ ಎಂಬ ಬ್ರಿಟಿಷ್ ಅಧಿಕಾರಿ ಅದನ್ನು ಅಲ್ಲಿಂದ ಕಲ್ಕತ್ತಾಕ್ಕೆ ತಂದರು. ಚಿಪ್ಪುಜೀವಿಗಳ ಅಧ್ಯಯನ ಅವರ ಹವ್ಯಾಸವಾಗಿತ್ತು. ಚೌರಂಗಿಯ ತೋಟದಲ್ಲಿ ಬಿಟ್ಟ ಹುಳು ಅಲ್ಲೇ ಉಳಿಯಲಿಲ್ಲ. ಒಮ್ಮೆಗೆ ನೂರಾರು ಮೊಟ್ಟೆ ಇಡುವ ಅದು ದೇಶದ ತುಂಬ ಹರಡಿತು. ಇಂದು ಜಗತ್ತಿನ 100 ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಅದರ ಹೆಸರಿದೆ.

ಇದು ಎಲ್ಲೆಲ್ಲಿ ನೆಲೆಸಬಹುದು ಎಂದು ಬೆಂಗಳೂರಿನ ಏಟ್ರೀ ಸಂಸ್ಥೆಯ ವಿಜ್ಞಾನಿಗಳು 2015ರಲ್ಲಿ ಲೆಕ್ಕ ಹಾಕಿದರು. ಹುಳು ಈಗಾಗಲೇ ಇರುವ ಊರುಗಳನ್ನು ಗುರುತಿಸಿ, ಅಲ್ಲಿನ ಮಳೆ ಮತ್ತು ಉಷ್ಣತೆಯನ್ನು ನೋಡಿ, ಅಂಥದೇ ಹವೆ ಇರುವ ಬೇರೆ ಊರುಗಳನ್ನು ಕಂಪ್ಯೂಟರಿನಿಂದ ಹುಡುಕುವುದು ಇದರ ಕ್ರಮ. ಪೂರ್ವ ಭಾರತ, ದಕ್ಷಿಣದ ಪರ್ಯಾಯ ದ್ವೀಪ ಮತ್ತು ಅಂಡಮಾನಿಗೆ ಅಪಾಯ ಹೆಚ್ಚು, ಬಿಸಿ ಹೆಚ್ಚು ಮಳೆ ಕಡಿಮೆ ಇರುವ ಮಧ್ಯ ಭಾರತಕ್ಕೆ ಕಡಿಮೆ ಎಂದು ಗೊತ್ತಾಯಿತು. ಹವಾಮಾನ ಬದಲಾದರೆ ಲಕ್ಷದ್ವೀಪವೂ ತುಂಬ ಅಪಾಯದಲ್ಲಿದೆ ಎಂದು ಅವರು ಬರೆದರು.

ನಾನು ಓದಿದ್ದು ಮೆಕ್ಯಾನಿಕಲ್ ಡಿಪ್ಲೊಮಾ. ಒಂದು ಬೇರಿಂಗ್ ಯಾವ ಶಾಫ್ಟಿಗೆ ಕೂರುತ್ತದೆ ಎಂದು ಅಳತೆ ನೋಡಿ ಹೇಳಬಹುದು. ಅದನ್ನು ಅಲ್ಲಿಗೆ ಯಾರು ತರುತ್ತಾರೆ ಎಂದು ಅಳತೆ ಹೇಳುವುದಿಲ್ಲ. ಈ ನಕ್ಷೆಯೂ ಹಾಗೆಯೇ. ಹುಳು ಎಲ್ಲಿ ಬದುಕಬಲ್ಲದು ಎಂದು ಅದು ತಿಳಿಸುತ್ತದೆ. ಯಾವ ದಾರಿಯಲ್ಲಿ ಬರುತ್ತದೆ ಎಂಬುದು ವ್ಯಾಪಾರದ ವಿಷಯ.

ಆ ದಾರಿ ನಮಗೆ ಹಳೆಯ ಪರಿಚಯ. 1956ರವರೆಗೆ ಕಾಸರಗೋಡು ತಾಲೂಕೂ ಲಕ್ಷದ್ವೀಪದ ಅಮಿನಿದಿವಿ ದ್ವೀಪಗಳೂ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ದ್ವೀಪದ ಹುರಿ ಮಂಗಳೂರಿನ ಬಂದರಿಗೆ ಬರುತ್ತಿತ್ತು, ಅಕ್ಕಿ ಅಲ್ಲಿಗೆ ಹೋಗುತ್ತಿತ್ತು. ಇಂದು ಸಸಿ, ಮಣ್ಣು, ಮರದ ದಿಮ್ಮಿ ಲಾರಿಯಲ್ಲಿ ತಲಪಾಡಿ ದಾಟುತ್ತವೆ. ಗಿಡದ ಬುಡದ ಮಣ್ಣಿನಲ್ಲಿ ಬಸವನಹುಳುವಿನ ಮೊಟ್ಟೆ ಇದ್ದರೆ ಯಾವ ಬಿಲ್ಲಿನಲ್ಲೂ ಕಾಣುವುದಿಲ್ಲ.

ತೆಂಗಿನ ಮನೆಗಳಿಗೆ ಇದರ ಬಿಸಿ ತಟ್ಟಿದೆ. 1998ರಲ್ಲಿ ಎರ್ನಾಕುಳಂ ಜಿಲ್ಲೆಯಲ್ಲಿ ಕಂಡ ನುಸಿ ಪೀಡೆ ಬೇಗನೆ ತೆಂಗಿನ ನಾಡುಗಳಿಗೆಲ್ಲ ಹಬ್ಬಿತು. ಕಾಯಿ ಸಣ್ಣದಾಗಿ ಸಿಪ್ಪೆ ಕಂದು ಬಣ್ಣಕ್ಕೆ ತಿರುಗಿದರೆ ಬೆಲೆ ಬೀಳುತ್ತದೆ ಎಂದು ಅಂಗಡಿಯವರಿಗೆ ಹೇಳಿಕೊಡಬೇಕಾಗಿಲ್ಲ. 2016ರಲ್ಲಿ ಪೊಳ್ಳಾಚಿಯಲ್ಲಿ ಮಧ್ಯ ಅಮೆರಿಕದ ಕಡೆಯ ಒಂದು ಬಿಳಿನೊಣ ಕಾಣಿಸಿತು. ಅದು ಗರಿಯ ಅಡಿಯಲ್ಲಿ ಕೂತು ರಸ ಹೀರುತ್ತದೆ, ಅದರ ಅಂಟಿನ ಮೇಲೆ ಕಪ್ಪು ಬೂಷ್ಟು ಬೆಳೆಯುತ್ತದೆ. ನುಸಿ ಗಾಳಿಯಲ್ಲೂ ಹೋಗುತ್ತದೆ, ಅದನ್ನು ನಾವು ತಡೆಯಲಾರೆವು. ಆದರೆ ಬಿಳಿನೊಣ ಸಸಿಯ ಜೊತೆ ದೂರದ ಊರಿಗೆ ಹೋಗುತ್ತದೆ, ಸಸಿಯನ್ನು ಕೊಂಡು ತರುವವರು ನಾವು.

1916ರಿಂದ ತೆಂಗಿನ ಸಂಶೋಧನೆ ನಡೆಯುತ್ತಿರುವ ಸಿಪಿಸಿಆರ್‌ಐ ನಮ್ಮ ಕಾಸರಗೋಡಿನಲ್ಲೇ ಇದೆ. ಆದರೆ ಯಾವ ನರ್ಸರಿಯ ಗಿಡ ಯಾವ ಅಂಗಳಕ್ಕೆ ಬಂತು ಎಂಬುದು ಅವರ ಕಡತದಲ್ಲಿ ಇರುವುದಿಲ್ಲ, ಅದು ಗೊತ್ತಿರುವುದು ಮಾರಿದವರಿಗೆ ಮತ್ತು ಕೊಂಡವರಿಗೆ. ಹೊರ ಜಿಲ್ಲೆಯ ಸಸಿ ಕೊಳ್ಳುವಾಗ ಎಲ್ಲಿಯದೆಂದು ಕೇಳಿ. ಗರಿಯನ್ನು ಮಗುಚಿ ನೋಡಿ, ಬುಡದ ಮಣ್ಣನ್ನು ಕೆದಕಿ ನೋಡಿ. ದೊಡ್ಡ ಬಸವನಹುಳು ಕಂಡರೆ ಬರಿಗೈಯಲ್ಲಿ ಮುಟ್ಟಬೇಡಿ, ಅದರಲ್ಲಿ ಮೆದುಳಿಗೆ ಹಾನಿ ಮಾಡುವ ಪರಾವಲಂಬಿ ಹುಳು ಇರಬಹುದು. ಮಕ್ಕಳಿಗೂ ಹೇಳಿ. ಹತ್ತಿರದ ಕೃಷಿ ಭವನಕ್ಕೆ ಅದೇ ದಿನ ತಿಳಿಸಿ.