ನೀರುಹಕ್ಕಿ ಶಿಕಾರಿ: ಕೋವಿ ಮತ್ತು ನಾಯಿಯ ಆಯ್ಕೆ

ಕೆರೆ, ಗದ್ದೆ, ಜೌಗು ನೆಲಕ್ಕೆ ಇಳಿಯುವ ಬಾತುಗಳನ್ನೂ ಇತರ ಹಕ್ಕಿಗಳನ್ನೂ ಚರೆಕೋವಿಯಿಂದ ಹೊಡೆದು, ಬಿದ್ದದ್ದನ್ನು ನಾಯಿಯಿಂದ ತರಿಸಿಕೊಳ್ಳುವ ಹವ್ಯಾಸವೇ ನೀರುಹಕ್ಕಿ ಶಿಕಾರಿ. ಉತ್ತರ ಕನ್ನಡ ಜಿಲ್ಲೆಯ ಮುಂಡಗೋಡ, ಹಳಿಯಾಳ ಕಡೆಯ ಅರೆಮಲೆನಾಡು ನೋಡಲು ಇದಕ್ಕೆ ಹೇಳಿ ಮಾಡಿಸಿದಂತಿದೆ. ಚಿಗಳ್ಳಿ, ಅತ್ತಿವೇರಿಯಂಥ ಜಲಾಶಯಗಳಿವೆ, ನಡುನಡುವೆ ಭತ್ತದ ಗದ್ದೆಗಳಿವೆ. ಮಳೆ ಸರಿದು ಚಳಿ ಬೀಳುವ ಹೊತ್ತಿಗೆ ವಲಸೆ ಬಾತುಗಳೂ ಬರುತ್ತವೆ. ಪಶ್ಚಿಮಕ್ಕೆ ದಾಂಡೇಲಿ, ಜೋಯಿಡಾ ತಲುಪಿದರೆ ಕೆರೆ ಬಯಲು ಮುಗಿದು ಕಾಡು ಶುರುವಾಗುತ್ತದೆ. ಆದರೆ ನೆಲ ಒಗ್ಗಿದ ಮಾತ್ರಕ್ಕೆ ಹವ್ಯಾಸ ನಡೆಯದು. ಇಲ್ಲಿ ಕೋವಿ, ನಾಯಿ ಕೊಳ್ಳುವವರನ್ನು ಇನ್ನೂ ಹಳೆಯ ಶಿಕಾರಿಯ ನೆನಪೇ ನಡೆಸುತ್ತಿದೆ. ಆಯ್ಕೆಯನ್ನು ನಿರ್ಧರಿಸಬೇಕಾದ್ದು ಇಂದು ಹೊಡೆಯಲು ಕಾನೂನು ಬಿಟ್ಟುಕೊಟ್ಟಿರುವ ಗುರಿ. ಆ ಗುರಿ ಹಕ್ಕಿಯಲ್ಲ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಾಗ ಶಿಕಾರಿ ಪೂರ್ತಿ ನಿಂತಿರಲಿಲ್ಲ. ಸಣ್ಣ ಬೇಟೆ, ದೊಡ್ಡ ಬೇಟೆ ಎಂದು ಲೈಸೆನ್ಸ್‌ಗಳಿದ್ದವು. ಆ ಬಾಗಿಲು ಮುಚ್ಚಿದ್ದು 1991ರ ತಿದ್ದುಪಡಿ. ಹೆಚ್ಚಿನವರು ಗಮನಿಸದ ಸಂಗತಿ ಎಂದರೆ, ಕಾಯ್ದೆಯ ಪ್ರಕಾರ ಬೇಟೆ ಎನ್ನುವುದು ಕೊಲ್ಲುವುದಷ್ಟೇ ಅಲ್ಲ. ಹಿಡಿಯುವುದು, ಉರುಲು ಹಾಕುವುದು, ಅಟ್ಟುವುದು, ಆಮಿಷ ಒಡ್ಡುವುದು, ಇವುಗಳ ಪ್ರಯತ್ನ ಕೂಡ ಬೇಟೆಯೇ. ಹಳು ಸೋವಲು ನಾಯಿ ಬಿಟ್ಟವನು, ಒಂದು ಈಡನ್ನೂ ಹಾರಿಸದಿದ್ದರೂ, ಅಪರಾಧದೊಳಗೇ ಇರುತ್ತಾನೆ. ಅಭಯಾರಣ್ಯದ ಸುತ್ತಮುತ್ತ ನಿಯಮ ಇನ್ನೂ ಬಿಗಿ. ಅನುಮತಿಯಿಲ್ಲದೆ ಆಯುಧದೊಂದಿಗೆ ಒಳಹೋಗುವಂತಿಲ್ಲ; 10 ಕಿಲೋಮೀಟರ್ ವ್ಯಾಪ್ತಿಯಲ್ಲಿ ಹೊಸ ಕೋವಿ ಲೈಸೆನ್ಸಿಗೆ ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗೆ ಬೇಕು. ಒಂದು ಕಡೆ ಅತ್ತಿವೇರಿ ಪಕ್ಷಿಧಾಮ, ಇನ್ನೊಂದು ಕಡೆ 2007ರಲ್ಲಿ ದಾಂಡೇಲಿ–ಅಣಶಿ ಎಂದು ಘೋಷಣೆಯಾಗಿ 2015ರಲ್ಲಿ ಕಾಳಿ ಎಂಬ ಹೆಸರು ಪಡೆದ ಹುಲಿ ಸಂರಕ್ಷಿತ ಪ್ರದೇಶ. ಇವುಗಳಿಂದ 10 ಕಿಲೋಮೀಟರಿನ ಗೆರೆ ಎಳೆದು ನಕಾಶೆ ಹಿಡಿದರೆ ಈ ತಾಲ್ಲೂಕುಗಳಲ್ಲಿ ಎಷ್ಟೊಂದು ಊರುಗಳು ಒಳಗೆ ಬೀಳುತ್ತವೆ ಎಂಬುದು ತಾನಾಗಿ ಕಾಣುತ್ತದೆ.

ಇನ್ನು ಕೋವಿ. ಮಲೆನಾಡಿನ ಹಳೆಯ ಮನೆಗಳಲ್ಲಿದ್ದದ್ದು ಬಾಯಿಯಿಂದ ಮದ್ದು, ಚರೆ ತುಂಬುವ ಕೇಪಿನ ಕೋವಿ. ಒಂದು ಈಡಾದ ಮೇಲೆ ಮತ್ತೆ ತುಂಬುವಷ್ಟರಲ್ಲಿ ಹಕ್ಕಿ ಹಾರಿಹೋಗಿ ಆಗಿರುತ್ತಿತ್ತು. ಮಳೆಗಾಲದ ತೇವಕ್ಕೆ ಮದ್ದು ಹತ್ತದೆ ಕೈಕೊಡುವುದೂ ಉಂಟು. ತೋಟಾ ಹಾಕುವ 12 ಬೋರಿನ ಜೋಡುನಳಿಗೆ ಕೋವಿ ಬಂದಾಗ ಅದು ಗೆದ್ದದ್ದಕ್ಕೆ ಕಾರಣ ಇದೇ. ನಳಿಗೆಯ ಬಾಯಿಗೆ ಸರಿಹೊಂದುವ ಸೀಸದ ಗುಂಡು 12 ಸೇರಿದರೆ ಒಂದು ಪೌಂಡು ತೂಗುವುದರಿಂದ ಆ ಹೆಸರು. ಒಳವ್ಯಾಸ ಸುಮಾರು 18.5 ಮಿಲಿಮೀಟರ್. ನಳಿಗೆಯ ತುದಿಯನ್ನು ಕಿರಿದು ಮಾಡುವುದಕ್ಕೆ ಚೋಕ್ ಎನ್ನುತ್ತಾರೆ. ಪೂರ್ಣ ಚೋಕಿನ ಕೋವಿ 40 ಗಜ ದೂರದಲ್ಲಿ 30 ಅಂಗುಲದ ವೃತ್ತದೊಳಗೆ ಸುಮಾರು ಶೇ. 70ರಷ್ಟು ಚರೆಯನ್ನು ಇಳಿಸುತ್ತದೆ. ಚೋಕಿಲ್ಲದ ನಳಿಗೆ ಶೇ. 40ರಷ್ಟನ್ನು ಮಾತ್ರ. ಎತ್ತರದಲ್ಲಿ ಹಾರುವ ಬಾತಿಗೆ ಬಿಗಿ ಚೋಕ್, ಉದ್ದ ನಳಿಗೆ, ದಪ್ಪ ಚರೆ ಎಂಬ ಸೂತ್ರ ಹುಟ್ಟಿದ್ದು ಈ ಲೆಕ್ಕದಿಂದ. ಲೆಕ್ಕ ಸರಿಯೇ, ಆದರೆ ಬಾತು ಹೊಡೆಯುವವನಿಗೆ. ಆ ಸೂತ್ರವನ್ನೇ ಹಿಡಿದು ಇಂದು ಕೋವಿ ಆರಿಸುವವನು, ಉಳಲು ಹೊಲವಿಲ್ಲದವನು ಜೋಡೆತ್ತು ಕೊಂಡಂತೆ.

ಉಳಿದಿರುವ ಗುರಿ ಯಂತ್ರದಿಂದ ಹಾರಿಸುವ ಬಿಲ್ಲೆ. ಟ್ರ್ಯಾಪ್, ಸ್ಕೀಟ್ ಎಂಬ ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ಅದು 11 ಸೆಂಟಿಮೀಟರ್ ಅಗಲ, 105 ಗ್ರಾಂ ತೂಕ. ತೋಟಾದಲ್ಲಿ ಚರೆ 24 ಗ್ರಾಮಿಗೆ ಸೀಮಿತ, ಅದೂ ಸಣ್ಣ ಚರೆ. ಟ್ರ್ಯಾಪಿನಲ್ಲಿ ಬಿಲ್ಲೆ ಎದುರಿನಿಂದ ದೂರ ಓಡುತ್ತದೆ, ಅಲ್ಲಿ ಬಿಗಿ ಚೋಕ್ ನಡೆಯುತ್ತದೆ. ಸ್ಕೀಟಿನಲ್ಲಿ ಬಿಲ್ಲೆ ಹತ್ತಿರದಲ್ಲೇ ಅಡ್ಡ ಹಾಯುತ್ತದೆ, ಅಲ್ಲಿ ಬಿಗಿ ಚೋಕ್ ಸೋಲಿಸುತ್ತದೆ. ಇವೆಲ್ಲಕ್ಕಿಂತ ಮುಖ್ಯವಾದದ್ದು ಭುಜಕ್ಕೆ ಆನಿಸುವ ಮರದ ಹಿಡಿಯ ಅಳತೆ. ಚರೆಕೋವಿಯಲ್ಲಿ ಹಿಂದಿನ ಗುರಿಗಣ್ಣು ಇರುವುದಿಲ್ಲ; ಹೊಡೆಯುವವನ ಕಣ್ಣೇ ಆ ಕೆಲಸ ಮಾಡುತ್ತದೆ. ಹಿಡಿ ಉದ್ದವಾದರೆ ಅಂಗಿಗೆ ಸಿಕ್ಕುತ್ತದೆ, ಗಿಡ್ಡವಾದರೆ ಹೆಬ್ಬೆರಳು ಮೂಗಿಗೆ ಬಡಿಯುತ್ತದೆ, ಕೆನ್ನೆ ಪ್ರತಿಸಲ ಒಂದೇ ಜಾಗಕ್ಕೆ ಬಾರದಿದ್ದರೆ ಗುರಿ ತಪ್ಪುತ್ತದೆ. ಅಜ್ಜನ ಕೋವಿ ಮೊಮ್ಮಗನಿಗೆ ಒಗ್ಗದಿರುವುದು ಅಪರೂಪವೇನಲ್ಲ. ಹೊಸಬರಿಗೆ ಇನ್ನೂ ಹಗುರವಾದ ದಾರಿ ಏರ್‌ಗನ್ನಿನದು. 2016ರ ಶಸ್ತ್ರಾಸ್ತ್ರ ನಿಯಮಗಳಂತೆ .177 ಬೋರಿನ, 20 ಜೂಲ್‌ಗಿಂತ ಕಡಿಮೆ ಶಕ್ತಿಯ ಏರ್‌ಗನ್ನಿಗೆ ಲೈಸೆನ್ಸ್ ಬೇಕಿಲ್ಲ. 10 ಮೀಟರ್ ಸ್ಪರ್ಧೆಯ ರೈಫಲ್ ಈ ಮಿತಿಯೊಳಗೇ ಬರುತ್ತದೆ. ಲೈಸೆನ್ಸ್ ಬೇಡವೆಂದರೆ ಅದರಿಂದ ಹಕ್ಕಿ ಹೊಡೆಯಬಹುದು ಎಂದಲ್ಲ. ಮರದ ಮೇಲಿನ ಪಾರಿವಾಳಕ್ಕೆ ಗುರಿಯಿಟ್ಟ ಕ್ಷಣ 1972ರ ಕಾಯ್ದೆ ಎದುರಾಗುತ್ತದೆ.

ಬಿಲ್ಲೆಗೆಂದೇ ಕೋವಿ ಆರಿಸಬೇಕೆಂಬ ಈ ವಾದಕ್ಕೆ ಮೊದಲ ಆಕ್ಷೇಪ ರೈತರದು, ಮತ್ತು ಅದು ಹಗುರವಾದದ್ದಲ್ಲ. ಭತ್ತ ಕೊಯ್ಲಿಗೆ ಬರುವ ದಿನಗಳಲ್ಲಿ ದಾಂಡೇಲಿ ಕಡೆಯ ಕಾಡಾನೆಗಳು ಹಳಿಯಾಳ, ಮುಂಡಗೋಡದ ಗದ್ದೆಗೆ ಇಳಿಯುತ್ತವೆ; ಹಂದಿ ಗೋವಿನಜೋಳದ ಹೊಲವನ್ನು ಮಗುಚಿಹಾಕುತ್ತದೆ. ಬೆಳೆ ರಕ್ಷಣೆಗೆಂದು ಕೊಟ್ಟ ಲೈಸೆನ್ಸಿನ ಕೋವಿ ಚುನಾವಣೆ ಬಂದಾಗಲೆಲ್ಲ ಠಾಣೆಗೆ ಹೋಗಬೇಕಾಗುವ ಸಿಟ್ಟೂ ನ್ಯಾಯವಾದದ್ದೇ. ಕಾಯ್ದೆಯ 11ನೆಯ ಕಲಂ, ಬೆಳೆಗೆ ಅಪಾಯವಾದ ಕೆಲವು ಪ್ರಾಣಿಗಳ ವಿಷಯದಲ್ಲಿ, ಕಾರಣ ಬರೆದ ಲಿಖಿತ ಆದೇಶದ ಮೇಲೆ ಬೇಟೆಗೆ ಅನುಮತಿ ಕೊಡುತ್ತದೆ. ಆದರೆ ಈ ವಾದ ಎಳೆದು ತರುವುದು ಹಂದಿಗೆ ಬೇಕಾದ ಕೋವಿಯನ್ನು, ಬಾತಿನ ಕೋವಿಯನ್ನಲ್ಲ. ಬೆಳೆಯ ಹೆಸರಿನಲ್ಲಿ ಪಡೆದ ಕೋವಿ ಕೆರೆಯ ದಂಡೆಯಲ್ಲಿ ಕಾಣಿಸಿಕೊಂಡರೆ ಸೋಲುವುದು ರೈತನ ದೂರೇ.

ಎರಡನೆಯ ಆಕ್ಷೇಪ ಸಂಪ್ರದಾಯದ್ದು. ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ 1963ರಿಂದ ಕೋವಿ ಲೈಸೆನ್ಸಿನಲ್ಲಿ ವಿನಾಯಿತಿ ಇದೆಯಲ್ಲ, ಕೊಡಗಿಗೊಂದು ನ್ಯಾಯ, ಉತ್ತರ ಕನ್ನಡಕ್ಕೊಂದು ನ್ಯಾಯವೇ ಎಂದು ಕೇಳುವವರಿದ್ದಾರೆ. ಆ ವಿನಾಯಿತಿ 2029ರವರೆಗೆ ಮುಂದುವರಿದಿದೆ, 2021ರಲ್ಲಿ ಹೈಕೋರ್ಟೂ ಅದನ್ನು ಎತ್ತಿಹಿಡಿದಿದೆ. ಆದರೆ ಅದು ಕೋವಿ ಇಟ್ಟುಕೊಳ್ಳಲು ಕೊಟ್ಟದ್ದು, ಶಿಕಾರಿಗೆ ಕೊಟ್ಟದ್ದಲ್ಲ. ಕೋವಿಯ ಮೋಹ ನಾಡಿನಲ್ಲೇ ಅತಿ ಹೆಚ್ಚಿರುವ ಆ ಜಿಲ್ಲೆಯಲ್ಲಿ ಕೈಲ್‌ಪೋಳ್ದ್ ಹಬ್ಬದ ದಿನ ಗುರಿಯಾಗುವುದು ತೆಂಗಿನಕಾಯಿ. ಹಾಗಾಗಿ ಸಂಪ್ರದಾಯದ ಉದಾಹರಣೆ ನಮ್ಮ ವಾದವನ್ನೇ ಗಟ್ಟಿ ಮಾಡುತ್ತದೆ.

ಚರೆಯ ಲೋಹದ ಮಾತೂ ಇಲ್ಲಿ ಸೇರುತ್ತದೆ. ಬಾತು ಧಾನ್ಯದ ಜೊತೆ ಕಲ್ಲಿನ ಹರಳು ನುಂಗುತ್ತದೆ. ಕೆಸರಿನಲ್ಲಿ ಬಿದ್ದ ಸೀಸದ ಚರೆ ಅದಕ್ಕೆ ಹರಳಿನಂತೆಯೇ. ಹೊಟ್ಟೆಯಲ್ಲಿ ಅರೆದ ಸೀಸ ರಕ್ತಕ್ಕೆ ಸೇರಿ ಕೊಲ್ಲುತ್ತದೆ. ಅಮೆರಿಕ 1991ರಲ್ಲಿ ನೀರುಹಕ್ಕಿ ಬೇಟೆಯಲ್ಲಿ, ಐರೋಪ್ಯ ಒಕ್ಕೂಟ 2023ರಲ್ಲಿ ಜೌಗು ನೆಲಗಳಲ್ಲಿ ಸೀಸದ ಚರೆಯನ್ನು ನಿಷೇಧಿಸಿದವು. ಉಕ್ಕಿನ ಚರೆ ಸೀಸಕ್ಕಿಂತ ಹಗುರ, ಗಡಸು. ಹಳೆಯ ತೆಳು ನಳಿಗೆಗೆ ಬಿಗಿ ಚೋಕಿನಲ್ಲಿ ಅದು ಅಪಾಯ. ಬಿಲ್ಲೆ ಹೊಡೆಯುವ ಮೈದಾನವನ್ನು ಕೆರೆಯ ದಂಡೆಯಿಂದ ದೂರವಿಡಬೇಕಾದ ಕಾರಣವೂ ಸೀಸದ ಈ ವಿಷವೇ.

ನಾಯಿಯ ವಿಷಯದಲ್ಲಿ ನೆನಪು ಇನ್ನಷ್ಟು ದಾರಿ ತಪ್ಪಿಸುತ್ತದೆ. ಕರ್ನಾಟಕದ ಹೆಮ್ಮೆಯ ಮುಧೋಳ ನಾಯಿ, 2005ರಲ್ಲಿ ಅಂಚೆಚೀಟಿಗೂ ಏರಿದ್ದು, ಬಯಲಿನಲ್ಲಿ ಕಣ್ಣಿನಿಂದ ಕಂಡು ಓಡಿ ಹಿಡಿಯುವ ತಳಿ. ಅದರ ಗಿಡ್ಡ ಕೂದಲಿಗೆ ಕೆರೆಯ ಚಳಿ ಹೊಂದದು, ಬಿದ್ದ ಹಕ್ಕಿಯನ್ನು ಹಲ್ಲು ತಾಗಿಸದೆ ತರುವುದು ಅದರ ರಕ್ತದಲ್ಲಿಲ್ಲ. ನೀರಿನಿಂದ ತರಲು ಬೆಳೆಸಿದ್ದು ಲ್ಯಾಬ್ರಡಾರ್. ಎಣ್ಣೆಯಂಶದ ಒಳಗೂದಲು, ದಪ್ಪ ಬಾಲ, ಮೃದು ಬಾಯಿ ಎಲ್ಲವೂ ಚಳಿನೀರಿಗೆ ಹೊಂದಿದವು, ಏಪ್ರಿಲಿನ ಮುಂಡಗೋಡಕ್ಕಲ್ಲ. ತರಲು ಹಕ್ಕಿಯೇ ಇಲ್ಲದಾಗ ಅದನ್ನು ಸಾಕುವುದಾದರೆ ಬೇರೆ ಕಾರಣ ಬೇಕು. ಹೊಲದ ಕಾವಲಿಗೆ, ಎಮ್ಮೆ ಸಾಕುವ ಗೌಳಿ ಜನರ ಕೇರಿಗಳಾದ ಗೌಳಿವಾಡಗಳಲ್ಲಿ ಎಮ್ಮೆಯ ಜೊತೆ ಬೆಳೆದ ಊರನಾಯಿ ಇವೆರಡನ್ನೂ ಮೀರಿಸುತ್ತದೆ: ಬಿಸಿಲು, ಮಳೆ ತಡೆಯುತ್ತದೆ, ಬೊಗಳಿ ಎಚ್ಚರಿಸುತ್ತದೆ, ಅಟ್ಟಿಕೊಂಡು ದೂರ ಹೋಗದಂತೆ ಕಲಿಸಬಹುದು. ಯಾವ ತಳಿಯಾದರೂ ಕಾಡಿಗೆ ಬಿಡದಿರುವುದು ನಾಯಿಗೂ ಕಾಡಿಗೂ ಕ್ಷೇಮ. 1957ರಲ್ಲಿ ಸೊರಬದ ಕ್ಯಾಸನೂರಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆ ಉಣುಗಿನಿಂದ ಹರಡುತ್ತದೆ, ಉತ್ತರ ಕನ್ನಡವನ್ನೂ ಕಾಡಿದೆ. ಕಾಡು ಸುತ್ತಿದ ನಾಯಿಯ ಮೈಮೇಲೆ ಉಣುಗು ಮನೆಯಂಗಳಕ್ಕೆ ಬರುತ್ತದೆ. ನಾಯಿಯಿಂದ ಕಾಡಿಗೆ ಹೋಗುವ ರೋಗವೂ ಉಂಟು: ಡಿಸ್ಟೆಂಪರ್ ವೈರಸ್ 2018ರಲ್ಲಿ ಗಿರ್‌ನ ಸಿಂಹಗಳಲ್ಲಿ ಕಂಡುಬಂತು. ಆದ್ದರಿಂದ ಹುಲಿ ಇರುವ ಕಾಡಿನಂಚಿನಲ್ಲಿ ನಾಯಿ ಸಾಕುವವನು ಕೊಳ್ಳಬೇಕಾದ ಸಲಕರಣೆಯ ಪಟ್ಟಿಯಲ್ಲಿ ಸೀಟಿ, ಹಗ್ಗಕ್ಕಿಂತ ಮೊದಲು ಬರುವುದು ಡಿಸ್ಟೆಂಪರ್ ಮತ್ತು ರೇಬೀಸ್ ಲಸಿಕೆ. ಅದರ ಬೆನ್ನಿಗೆ, ಚಿರತೆ ಹೊತ್ತೊಯ್ಯದಂತೆ ರಾತ್ರಿ ನಾಯಿಯನ್ನು ಕೂಡುವ ಗಟ್ಟಿ ಗೂಡು.