ಇಂಗ್ಲಿಷಿನ ಭೂತಕಾಲರೂಪಗಳೂ ಅವುಗಳ ಶುದ್ಧಾಶುದ್ಧವಿಚಾರವೂ

ಇಂಗ್ಲಿಷ್ ವ್ಯಾಕರಣವನ್ನು ಅಭ್ಯಾಸಮಾಡತೊಡಗಿದ ವಿದ್ಯಾರ್ಥಿಗೆ ಮೊದಲು ಕಂಠಪಾಠಕ್ಕೆ ಒದಗುವುದು ಕ್ರಿಯಾಪದಗಳ ತ್ರಿರೂಪಾವಳಿ. ‘ಬರೆ’ ಎಂಬರ್ಥದ ಧಾತುವಿಗೆ ‘ರೈಟ್’ ಎಂಬುದು ಮೂಲರೂಪ, ‘ರೋಟ್’ ಎಂಬುದು ಭೂತಕಾಲರೂಪ, ‘ರಿಟನ್’ ಎಂಬುದು ಭೂತಕೃದಂತ. ‘ಹ್ಯಾವ್’ ಎಂಬ ಸಹಾಯಕ ಕ್ರಿಯಾಪದದೊಡನೆ ‘ರಿಟನ್’ ಎಂದೇ ಬರತಕ್ಕದ್ದು. ‘ಹ್ಯಾವ್ ರೋಟ್’ ಎಂದರೆ ಅಶುದ್ಧ. ಈ ವಿಧಿಯು ಭಾಷೆಯೊಡನೆಯೇ ಹುಟ್ಟಿಬಂದುದೆಂದು ಪಾಠಪುಸ್ತಕಗಳನ್ನು ಓದಿದವರಿಗೆ ತೋರುವುದು ಸಹಜವೇ. ಆದರೆ ಭೂತಕಾಲರೂಪವನ್ನು ಕೃದಂತದ ಸ್ಥಾನದಲ್ಲಿ ಪ್ರಯೋಗಿಸಿದವರ ಪಂಕ್ತಿಯಲ್ಲಿ ಷೇಕ್ಸ್‌ಪಿಯರ್, ಮಿಲ್ಟನ್, ಡ್ರೈಡನ್, ಸ್ವಿಫ್ಟ್ ಮುಂತಾದ ಮಹಾಲೇಖಕರೇ ಇದ್ದಾರೆ. ಅವರ ಕಾಲದಲ್ಲಿ ಅದು ಅವಿದ್ಯೆಯ ಕುರುಹಾಗಿರಲಿಲ್ಲ. ಅದು ಯಾವಾಗ, ಯಾರಿಂದ, ಯಾವ ಕಾರಣದಿಂದ ತಪ್ಪೆನಿಸಿತೆಂಬುದು ಇಂಗ್ಲಿಷ್ ಭಾಷಾಚರಿತ್ರೆಯಲ್ಲಿ ವಿಚಾರಾರ್ಹವಾದ ಸಂಗತಿ.

ಪ್ರಾಚೀನ ಇಂಗ್ಲಿಷಿನಲ್ಲಿ, ಎಂದರೆ ಸುಮಾರು 1100ಕ್ಕೆ ಹಿಂದಣ ಭಾಷೆಯಲ್ಲಿ, ಕ್ರಿಯಾಪದಕ್ಕೆ ವರ್ತಮಾನ, ಭೂತ ಎಂಬ ಎರಡೇ ಕಾಲಗಳಿದ್ದುವು. ಭವಿಷ್ಯತ್ತಿಗೆ ಪ್ರತ್ಯೇಕ ರೂಪವಿರಲಿಲ್ಲ. ಭೂತದಲ್ಲಿಯೂ ಪೂರ್ಣ, ಅಪೂರ್ಣ, ಪೂರ್ವಪೂರ್ಣ ಎಂಬ ಭೇದಗಳು ಕ್ರಿಯಾರೂಪದಲ್ಲಿ ಕಾಣಬರುತ್ತಿರಲಿಲ್ಲ. ಹತ್ತನೆಯ ಶತಮಾನದ ಅಂತ್ಯದಲ್ಲಿ ಏಲ್ಫ್ರಿಕ್ ಎಂಬ ಸನ್ಯಾಸಿಯು ಲ್ಯಾಟಿನ್ ವ್ಯಾಕರಣವನ್ನು ಇಂಗ್ಲಿಷಿನಲ್ಲಿ ವಿವರಿಸಹೊರಟಾಗ ಇದರಿಂದ ತೊಡಕುಂಟಾಯಿತು. ಲ್ಯಾಟಿನ್ನಿನ ಮೂರು ಭೂತಕಾಲಗಳಿಗೆ ಪ್ರತಿಯಾಗಿ ಅವನಲ್ಲಿದ್ದುದು ಒಂದೇ ರೂಪ. ಆದಕಾರಣ ಅವನು ‘ನಿಂತೆನು’ ಎಂಬ ಒಂದೇ ಪದವನ್ನು ಮೂರೆಡೆಯಲ್ಲಿಯೂ ಇಟ್ಟು, ಎರಡನೆಯದಕ್ಕೆ ‘ಪೂರ್ಣವಾಗಿ’ ಎಂಬರ್ಥದ ಅವ್ಯಯವನ್ನೂ ಮೂರನೆಯದಕ್ಕೆ ‘ಬಹಳ ಹಿಂದೆ’ ಎಂಬರ್ಥದ ಅವ್ಯಯವನ್ನೂ ಸೇರಿಸಿ ಕಾರ್ಯವನ್ನು ಸಾಧಿಸಿದನು. ಅನ್ಯಭಾಷೆಯ ಅಚ್ಚಿನಲ್ಲಿ ಸ್ವಭಾಷೆಯನ್ನು ಅಳೆಯುವ ಪದ್ಧತಿಯು ಅಲ್ಲಿಂದ ಮುಂದೆ ಎಂಟು ನೂರು ವರ್ಷ ಇಂಗ್ಲಿಷ್ ವೈಯಾಕರಣರನ್ನು ಬಿಟ್ಟಿಲ್ಲ. ಗಣಿತಜ್ಞನೂ ಆಗಿದ್ದ ಜಾನ್ ವಾಲಿಸನು 1653ರಲ್ಲಿ ಪ್ರಕಟಿಸಿದ ಇಂಗ್ಲಿಷ್ ವ್ಯಾಕರಣದಲ್ಲಿ ಈ ಭಾಷೆಗೆ ಎರಡೇ ಕಾಲಗಳುಂಟೆಂದು ಸ್ಪಷ್ಟವಾಗಿ ಹೇಳಿದನು. ಆದರೆ ಅದನ್ನು ಹೇಳುವುದಕ್ಕೂ ಲ್ಯಾಟಿನ್ನನ್ನೇ ಬಳಸಿದನು.

ಈ ಏಕೈಕ ಭೂತಕಾಲವು ಎರಡು ಬಗೆಯಿಂದ ಸಿದ್ಧಿಸುತ್ತಿದ್ದಿತು. ಧಾತುವಿನ ಅಂತ್ಯದಲ್ಲಿ ‘ದ’ಕಾರ ಅಥವಾ ‘ಟ’ಕಾರಸದೃಶವಾದ ಪ್ರತ್ಯಯವನ್ನು ಹಚ್ಚುವುದು ಒಂದು ಬಗೆ. (ಹದಿಮೂರನೆಯ ಶತಮಾನದ ಕೇಶಿರಾಜನೂ ಕನ್ನಡದ ಭೂತಕಾಲಕ್ಕೆ ‘ದ’ಕಾರವನ್ನೇ ಹೇಳಿರುವನಾದರೂ ಈ ಸಾಮ್ಯವು ಕೇವಲ ಆಕಸ್ಮಿಕ, ಇದರಿಂದ ಭಾಷಾಸಂಬಂಧವನ್ನು ಊಹಿಸತಕ್ಕದ್ದಲ್ಲ.) ಧಾತುವಿನೊಳಗಿನ ಸ್ವರವನ್ನೇ ಮಾರ್ಪಡಿಸುವುದು ಇನ್ನೊಂದು ಬಗೆ. ಈ ಎರಡನೆಯ ವರ್ಗದ ಧಾತುಗಳಲ್ಲಿ ಭೂತಕಾಲದ ಏಕವಚನಕ್ಕೂ ಬಹುವಚನಕ್ಕೂ ಪ್ರಾಯಶಃ ಬೇರೆ ಬೇರೆ ಸ್ವರಗಳಿದ್ದುವು. ‘ಹಾಡಿದೆನು’ ಎಂಬುದಕ್ಕೆ ‘ಸಾಂಗ್’ ಎಂಬಂತಹ ರೂಪ, ‘ಹಾಡಿದೆವು’ ಎಂಬುದಕ್ಕೆ ‘ಸುಂಗೊನ್’. ‘ಬರೆದೆನು’ ಎಂಬುದಕ್ಕೆ ‘ವ್ರಾಟ್’, ‘ಬರೆದೆವು’ ಎಂಬುದಕ್ಕೆ ‘ವ್ರಿಟೊನ್’, ಕೃದಂತಕ್ಕೆ ‘ವ್ರಿಟೆನ್’. ಮೊದಲಿನ ವಕಾರವು ಆ ಕಾಲದಲ್ಲಿ ಉಚ್ಚರಿಸಲ್ಪಡುತ್ತಿದ್ದಿತು. ಇಂದು ಅದು ಬರವಣಿಗೆಯಲ್ಲಿ ಮಾತ್ರ ಉಳಿದಿದೆ.

ಮಧ್ಯಯುಗದಲ್ಲಿ ಪದಾಂತ್ಯದ ಪ್ರತ್ಯಯಗಳು ಸವೆದುಹೋದುವು. ಅವುಗಳೊಡನೆ ವಚನಭೇದವೂ ಅಳಿಯಿತು. ಏಕವಚನದ ಸ್ವರವು ಉಳಿಯಬೇಕೋ, ಬಹುವಚನದ್ದು ಉಳಿಯಬೇಕೋ ಎಂಬುದು ಒಂದೊಂದು ಧಾತುವಿನಲ್ಲಿ ಒಂದೊಂದು ವಿಧವಾಗಿ ತೀರ್ಮಾನವಾಯಿತು. ಕೆಲವೆಡೆ ತೀರ್ಮಾನವಾಗದೆಯೇ ಉಳಿಯಿತು. ಹದಿನೇಳನೆಯ ಶತಮಾನದಲ್ಲಿ ‘ಬರೆದನು’ ಎಂಬರ್ಥಕ್ಕೆ ‘ರೋಟ್’ ಎಂಬುದರ ಜೊತೆಯಲ್ಲಿ ‘ರಿಟ್’ ಎಂಬುದೂ, ‘ಹಾಡಿದನು’ ಎಂಬುದಕ್ಕೆ ‘ಸ್ಯಾಂಗ್’ ಎಂಬುದರ ಜೊತೆಯಲ್ಲಿ ‘ಸಂಗ್’ ಎಂಬುದೂ ನಡೆಯುತ್ತಿದ್ದುವು. ಪ್ರಾಚೀನವಾದ ಆ ವಚನಭೇದವು ಇಂದಿಗೂ ನಿಂತಿರುವುದು ಒಂದೇ ಕ್ರಿಯಾಪದದಲ್ಲಿ: ‘ವಾಸ್’, ‘ವರ್’ ಎಂಬ ಜೋಡಿಯಲ್ಲಿ. ಇದೇ ಅವಧಿಯಲ್ಲಿ ಅನೇಕ ಧಾತುಗಳು ಸ್ವರಪಲ್ಲಟವನ್ನು ತೊರೆದು ‘ದ’ಕಾರದ ಪಕ್ಷವನ್ನು ಸೇರಿದುವು. 1611ರ ಬೈಬಲ್ ಭಾಷಾಂತರದಲ್ಲಿ ‘ಸಹಾಯಮಾಡು’ ಎಂಬರ್ಥದ ಧಾತುವಿಗೆ ‘ಹೋಲ್ಪನ್’ ಎಂಬ ಹಳೆಯ ಕೃದಂತವಿದೆ. ಈಗ ಅಲ್ಲಿ ‘ಹೆಲ್ಪ್ಡ್’ ಎಂಬುದೇ ರೂಢಿ. ಅದೇ ಭಾಷಾಂತರದಲ್ಲಿ ‘ಅಗೆದನು’ ಎಂಬುದಕ್ಕೆ ‘ಡಿಗ್ಡ್’ ಎಂದಿದೆ. ಈಗ ‘ಡಗ್’ ಎನ್ನದಿದ್ದರೆ ತಪ್ಪು. ಒಂದು ಹಳೆಯ ಮಾರ್ಗವನ್ನು ಬಿಟ್ಟಿತು, ಇನ್ನೊಂದು ಹೊಸದಾಗಿ ಆ ಮಾರ್ಗವನ್ನೇ ಹಿಡಿಯಿತು. ಎರಡೂ ಇಂದು ಶುದ್ಧವೆನಿಸಿವೆ.

‘ಹ್ಯಾವ್ ರೋಟ್’ ಎಂಬ ಪ್ರಯೋಗವು ಹುಟ್ಟಿದುದು ಈ ಹಿನ್ನೆಲೆಯಲ್ಲಿ. ‘ದ’ಕಾರಾಂತ ಕ್ರಿಯಾಪದಗಳಲ್ಲಿ ಭೂತಕಾಲಕ್ಕೂ ಕೃದಂತಕ್ಕೂ ಒಂದೇ ರೂಪ, ಅವುಗಳ ಸಂಖ್ಯೆಯೂ ಅಪಾರ. ಆ ಮಾದರಿಯನ್ನು ಅನುಸರಿಸಿ ಉಳಿದವುಗಳಲ್ಲಿಯೂ ಎರಡು ರೂಪಗಳು ಒಂದಾಗತೊಡಗಿದುವು. ‘ಹಿಡಿ’ ಎಂಬರ್ಥದ ಧಾತುವಿನ ‘ಹೋಲ್ಡನ್’ ಎಂಬ ಕೃದಂತವು ಹೋಗಿ ಭೂತಕಾಲದ ‘ಹೆಲ್ಡ್’ ಎಂಬುದೇ ಅದರ ಸ್ಥಾನಕ್ಕೆ ಬಂದಿತು. ‘ಕುಳಿತುಕೊಳ್ಳು’ ಎಂಬುದರ ‘ಸಿಟನ್’ ಹೋಗಿ ‘ಸ್ಯಾಟ್’ ಬಂದಿತು. ಇವುಗಳನ್ನು ಯಾರೂ ದೂಷಿಸಲಿಲ್ಲವೆಂದೇ ಹೇಳಬಹುದು. ‘ರಿಟನ್’ ಎಂಬುದು ಹೋಗಿ ‘ರೋಟ್’ ಬರುವುದೂ ಅದೇ ಪ್ರವಾಹದ ಒಂದು ಅಲೆ. ಆದರೆ ಆ ಅಲೆಯು ದಡವನ್ನು ಮುಟ್ಟುವ ಮೊದಲೇ ವೈಯಾಕರಣರು ಅಣೆಕಟ್ಟನ್ನು ಕಟ್ಟಿದರು.

ಡಾಕ್ಟರ್ ಸ್ಯಾಮ್ಯುಯಲ್ ಜಾನ್ಸನನು 1755ರಲ್ಲಿ ಪ್ರಕಟಿಸಿದ ನಿಘಂಟುವಿನ ಆದಿಯಲ್ಲಿರುವ ವ್ಯಾಕರಣದಲ್ಲಿ, ಕೃದಂತಕ್ಕೆ ಪ್ರತ್ಯೇಕರೂಪವಿದ್ದಲ್ಲಿ ಅದನ್ನು ಬಳಸುವುದೇ ಹೆಚ್ಚು ಸುಂದರವೆಂದು ಅಭಿಪ್ರಾಯಪಟ್ಟು, ಕಾವ್ಯದಲ್ಲಿ ‘ರೋಟ್’ ಎಂಬುದಕ್ಕೂ ಅವಕಾಶವನ್ನು ಕೊಟ್ಟಿರುವನು. ಇದು ರುಚಿಯ ಮಾತು. ಏಳು ವರ್ಷಗಳ ತರುವಾಯ, 1762ರಲ್ಲಿ, ರಾಬರ್ಟ್ ಲೌತನ ಕಿರುವ್ಯಾಕರಣವು ಹೊರಬಂದಿತು. ಲೌತನು ಆಕ್ಸ್‌ಫರ್ಡಿನಲ್ಲಿ ಕಾವ್ಯದ ಪ್ರಾಧ್ಯಾಪಕನಾಗಿದ್ದು ಹೀಬ್ರೂ ಕಾವ್ಯವನ್ನು ಕುರಿತ ಉಪನ್ಯಾಸಗಳಿಂದ ಪ್ರಖ್ಯಾತನಾದವನು. 1777ರಲ್ಲಿ ಲಂಡನ್ನಿನ ಬಿಷಪ್ ಪದವಿಗೆ ಏರಿದವನು. ಇವನ ಗ್ರಂಥದ ಅಡಿಟಿಪ್ಪಣಿಗಳು ಮಹಾಕವಿಗಳ ಅಪರಾಧಪಟ್ಟಿಯಂತಿವೆ. ಜಾನ್ಸನನಿಗೆ ಅಸುಂದರವಾಗಿದ್ದುದು ಲೌತನಿಗೆ ದೋಷವಾಯಿತು. ‘ನೋ’, ‘ಸೀ’ ಎಂಬ ಧಾತುಗಳಲ್ಲಿ ಇಂತಹ ಮಿಶ್ರಣವನ್ನು ಮಾಡಿದರೆ ಎಲ್ಲರೂ ಬೆಚ್ಚುವರು, ‘ರೋಟ್’ ಎಂಬುದು ಮಾತ್ರ ಕಿವಿಗೆ ಒಗ್ಗಿಹೋಗಿದೆಯಷ್ಟೆ ಎಂಬುದು ಅವನ ವಾದ. ವಾದವು ತರ್ಕಬದ್ಧವಾಗಿಯೇ ಇದೆ. ಆದರೆ ಕಿವಿಗೆ ಒಗ್ಗುವುದೇ ಭಾಷೆಯಲ್ಲಿ ಪ್ರಮಾಣವಲ್ಲವೆ ಎಂಬ ಪ್ರಶ್ನೆಯನ್ನು ಅವನು ಎತ್ತಲಿಲ್ಲ. ಆಮ್ಲಜನಕದ ಶೋಧಕರಲ್ಲೊಬ್ಬನೆಂದು ಪ್ರಸಿದ್ಧನಾದ ಜೋಸೆಫ್ ಪ್ರೀಸ್ಟ್ಲಿಯು 1761ರಲ್ಲಿ ಬರೆದ ವ್ಯಾಕರಣದಲ್ಲಿ ರೂಢಿಗೇ ಹೆಚ್ಚಿನ ಅಧಿಕಾರವನ್ನು ಕೊಟ್ಟಿದ್ದನು; ಅವನ ಪಕ್ಷವು ಗೆಲ್ಲಲಿಲ್ಲ.

ಇದಕ್ಕಿಂತಲೂ ಗಮನಾರ್ಹವಾದುದೊಂದುಂಟು. ಲೌತನ ಖಾಸಗಿ ಪತ್ರಗಳನ್ನು ಈಚಿನ ವಿದ್ವಾಂಸರು ಪರಿಶೀಲಿಸಿದಾಗ, ಆಪ್ತರಿಗೆ ಬರೆದ ಕಾಗದಗಳಲ್ಲಿ ಆತನೂ ‘ರೋಟ್’ ಎಂಬುದನ್ನು ಕೃದಂತವಾಗಿ ಬಳಸಿರುವುದು ಕಂಡುಬಂದಿತು. ಇದನ್ನು ಕಪಟವೆನ್ನುವುದು ನ್ಯಾಯವಲ್ಲ. ಮನೆಯ ಮಾತಿಗೂ ಗ್ರಂಥದ ಮಾತಿಗೂ ಭೇದವಿರುವುದನ್ನು ಎಲ್ಲ ವಿದ್ಯಾವಂತರೂ ಬಲ್ಲರು. ಆದರೆ ಈ ಭೇದದ ಅರಿವು ಅವನ ಪುಸ್ತಕವನ್ನು ಕೈಗೆತ್ತಿಕೊಂಡ ಶಾಲೆಗಳಿಗೆ ತಲಪಲಿಲ್ಲ. ಲಿಂಡ್ಲೆ ಮರೆ ಎಂಬ ಅಮೆರಿಕದ ನ್ಯಾಯವಾದಿಯು ಯಾರ್ಕ್ ಪಟ್ಟಣದ ಬಳಿ ನೆಲಸಿದ್ದಾಗ ಅಲ್ಲಿಯ ಬಾಲಿಕಾಪಾಠಶಾಲೆಗಾಗಿ 1795ರಲ್ಲಿ ರಚಿಸಿದ ವ್ಯಾಕರಣವು ಬಹುಮಟ್ಟಿಗೆ ಲೌತನಿಂದ ಪಡೆದುದು. ಅದು ಅಟ್ಲಾಂಟಿಕ್ ಸಾಗರದ ಎರಡು ದಡಗಳಲ್ಲಿಯೂ ಲೆಕ್ಕವಿಲ್ಲದಷ್ಟು ಮುದ್ರಣಗಳನ್ನು ಕಂಡಿತು. ಅದರಲ್ಲಿ ಅಡಿಟಿಪ್ಪಣಿಯ ಚರ್ಚೆಯು ವಿಧಿವಾಕ್ಯವಾಗಿ ಮಾರ್ಪಟ್ಟಿತು.

ಇದರ ಫಲವನ್ನು ಅನುಭವಿಸಿದವರು ಕವಿಗಳಲ್ಲ. ಅವರು ಆಗಲೇ ಕೀರ್ತಿಶೇಷರಾಗಿದ್ದರು. ಗ್ರಾಮಗಳಲ್ಲಿಯೂ ಕಾರ್ಖಾನೆಯ ಪಟ್ಟಣಗಳಲ್ಲಿಯೂ ‘ನೋಡಿದೆನು’ ಎಂಬುದಕ್ಕೆ ‘ಐ ಸೀನ್’ ಎಂದೂ ‘ಮಾಡಿದೆನು’ ಎಂಬುದಕ್ಕೆ ‘ಐ ಡನ್’ ಎಂದೂ ನುಡಿಯುವ ಜನರ ಮಾತು ಮೌಢ್ಯದ ಲಕ್ಷಣವೆನಿಸಿತು. ಇಂಗ್ಲೆಂಡಿನಲ್ಲಿಯೂ ಅಮೆರಿಕದಲ್ಲಿಯೂ ಆ ಪ್ರಯೋಗಗಳು ಇಂದಿಗೂ ಜೀವಂತವಾಗಿವೆ; ಬಾಯಿತೆರೆದ ಕ್ಷಣದಲ್ಲಿಯೇ ವಕ್ತೃವಿನ ಅಂತಸ್ತನ್ನು ಅಳೆಯುವ ಮಾನದಂಡವಾಗಿಯೂ ನಿಂತಿವೆ. ಭೂತಕಾಲರೂಪವೂ ಕೃದಂತವೂ ಒಂದಾಗುವ ಅದೇ ನಿಯಮವು ‘ಹೆಲ್ಡ್’ ಎಂಬಲ್ಲಿ ಶಿಷ್ಟವೆನಿಸಿ ‘ಸೀನ್’ ಎಂಬಲ್ಲಿ ಗ್ರಾಮ್ಯವೆನಿಸಿರುವುದಕ್ಕೆ ಭಾಷಾತತ್ತ್ವದಲ್ಲಿ ಕಾರಣವು ಸಿಕ್ಕದು.

‘ಹ್ಯಾವ್’ ಎಂಬುದರ ಪ್ರಯೋಗವಾದರೋ ಬೇರೆಯ ದಾರಿಯಲ್ಲಿ ಬೆಳೆದುಬಂದುದು. ಮೊದಲು ಅದಕ್ಕೆ ‘ಹೊಂದಿರು’ ಎಂಬ ಸ್ವಾರ್ಥವೇ ಇದ್ದಿತು. ‘ಪತ್ರವನ್ನು ಬರೆದದ್ದಾಗಿ ಹೊಂದಿದ್ದೇನೆ’ ಎಂಬಂತಹ ವಾಕ್ಯದಿಂದ ‘ಪತ್ರವನ್ನು ಬರೆದಿದ್ದೇನೆ’ ಎಂಬರ್ಥವು ಕ್ರಮಕ್ರಮವಾಗಿ ಹೊರಟಿತು. ಬರುವುದು, ಹೋಗುವುದು ಮೊದಲಾದ ಅಕರ್ಮಕಕ್ರಿಯೆಗಳಿಗೆ ‘ಇರು’ ಎಂಬರ್ಥದ ಸಹಾಯಕವೇ ನಿಯತವಾಗಿದ್ದಿತು. 1611ರ ಬೈಬಲಿನಲ್ಲಿ ಹೇರಳವಾಗಿರುವ ‘ಈಸ್ ಕಮ್’ ಎಂಬುದು ಕನ್ನಡದ ‘ಬಂದಿದ್ದಾನೆ’ ಎಂಬುದಕ್ಕೆ ಅಕ್ಷರಶಃ ಹೊಂದುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ‘ಹ್ಯಾವ್’ ಅದನ್ನು ಬಹುಮಟ್ಟಿಗೆ ಹೊರದೂಡಿತು.

ನಿನ್ನೆ, ಹೋದ ವರ್ಷ ಎಂಬಂತಹ ನಿರ್ದಿಷ್ಟ ಭೂತಕಾಲವಾಚಕದೊಡನೆ ‘ಹ್ಯಾವ್’ ಎಂಬುದು ಸೇರಕೂಡದೆಂಬ ಇಂದಿನ ವಿಧಿಯೂ ಅನಾದಿಯಲ್ಲ. ಷೇಕ್ಸ್‌ಪಿಯರನ ನಾಟಕಗಳಲ್ಲಿಯೂ 1660ರಿಂದ 1669ರ ವರೆಗೆ ದಿನಚರಿಯನ್ನಿಟ್ಟ ಸ್ಯಾಮ್ಯುಯಲ್ ಪೀಪ್ಸನ ಬರಹದಲ್ಲಿಯೂ ಈ ಸಂಯೋಗವು ದೊರೆಯುವುದು. ಅನಂತರ ಎರಡು ರೂಪಗಳ ಕ್ಷೇತ್ರಗಳು ಬಳಕೆಯಿಂದಲೇ ಬೇರೆಯಾದುವು. ಇಲ್ಲಿ ಪಂಡಿತರು ರೂಢಿಯ ಹಿಂದೆ ನಡೆದರಲ್ಲದೆ ಅದರ ಮುಂದೆ ನಡೆಯಲಿಲ್ಲ. ಆದಕಾರಣ ಈ ವಿಧಿಗೆ ‘ರೋಟ್’ ಎಂಬುದರ ನಿಷೇಧಕ್ಕಿಂತ ಹೆಚ್ಚಿನ ಬಲವುಂಟು. ಕನ್ನಡಿಗರಿಗೆ ತೊಡಕಾಗುವುದೂ ಇದೇ. ಕನ್ನಡದಲ್ಲಿ ‘ನಿನ್ನೆ ಬಂದಿದ್ದಾನೆ’ ಎಂಬುದು ನಿರ್ದುಷ್ಟವಾಕ್ಯ. ‘ಬಂದಿದ್ದಾನೆ’ ಎಂಬುದಕ್ಕೆ ‘ಹ್ಯಾವ್’ ಸಮಾನವೆಂದು ಪಾಠಶಾಲೆಯಲ್ಲಿ ಕಲಿತ ಹುಡುಗನು ‘ನಿನ್ನೆ’ ಎಂಬುದನ್ನೂ ಅದರೊಡನೆ ಸೇರಿಸಿ ಬರೆದು ಕೆಂಪು ಗೆರೆಯನ್ನು ಪಡೆಯುತ್ತಾನೆ. ಅಮೆರಿಕನ್ನರು ವ್ಯತ್ಯಾಸವನ್ನು ಇನ್ನೊಂದು ದಿಕ್ಕಿಗೆ ಒಯ್ದಿರುವರು. ‘ಈಗತಾನೆ’, ‘ಇನ್ನೂ’ ಎಂಬ ಅವ್ಯಯಗಳೊಡನೆ ಇಂಗ್ಲೆಂಡಿನವರು ‘ಹ್ಯಾವ್’ ಎಂಬುದನ್ನು ಬಯಸುವಲ್ಲಿ ಅವರು ಕೇವಲಭೂತವನ್ನು ನಿಸ್ಸಂಕೋಚವಾಗಿ ಬಳಸುತ್ತಾರೆ; ಇಂಗ್ಲೆಂಡಿನಲ್ಲಿ ಬಹುಮಟ್ಟಿಗೆ ಅಳಿದುಹೋದ ‘ಗಾಟನ್’ ಎಂಬ ಹಳೆಯ ಕೃದಂತವನ್ನು ಮಾತ್ರ ಜೋಪಾನವಾಗಿ ಉಳಿಸಿಕೊಂಡಿದ್ದಾರೆ.